ಮುದಿ ನಕ್ಷತ್ರಕ್ಕೆ ಅಡ್ಡ ಬಂದ ಚಾದರ

ಜಪಾನಿನ ಕಾಗೋಶಿಮಾದ ನಮ್ಮ ಗುಡ್ಡದ ಮೇಲೆ ನಕ್ಷತ್ರಗಳ ರೇಡಿಯೊ ಅಲೆ ಹಿಡಿಯುವ ದೊಡ್ಡ ತಟ್ಟೆಯನ್ನು ನೋಡಿಕೊಳ್ಳುತ್ತಿದ್ದವರು ಹಿದಾಕಾ-ಸಾನ್. ಯಾರೇ ಸಿಗಲಿ, ಅವರ ಮೂಗಿನ ಮುಂದೆ ಹೆಬ್ಬೆರಳು ಹಿಡಿದುಬಿಡುತ್ತಿದ್ದರು. "ಈ ಕಣ್ಣು ಮುಚ್ಚಿ. ಈಗ ಆ ಕಣ್ಣು. ಬೆರಳು ಜರುಗ್ತಾ? ನಕ್ಷತ್ರದ ದೂರಾನೂ ಹಿಂಗೇ ಅಳೆಯೋದು. ಭೂಮಿ ಸೂರ್ಯನ ಆಚೆ ಇದ್ದಾಗ ಒಂದ್ಸಲ, ಈಚೆ ಇದ್ದಾಗ ಒಂದ್ಸಲ." ಮೀನಿನಂಗಡಿಯಲ್ಲೂ ಇದೇ, ಬೀಗರ ಮುಂದೆಯೂ ಇದೇ. ಅವರ ಸಹಾಯಕನಾದ ನನಗಂತೂ ಆ ಹೆಬ್ಬೆರಳು ಕಂಡರೆ ಮೈ ಉರಿಯುತ್ತಿತ್ತು.

ಅವರು ಬೆನ್ನು ಹತ್ತಿದ್ದು ಒಂದು ಮುದಿ ನಕ್ಷತ್ರವನ್ನು. ವಯಸ್ಸಾಗಿ ಉಬ್ಬುತ್ತ, ಕುಗ್ಗುತ್ತ ಏದುಸಿರು ಬಿಡುವ ನಕ್ಷತ್ರ. ಅದರ ಸುತ್ತಲಿನ ನೀರಾವಿಯಿಂದ ಹೊರಡುವ ಅಲೆಯನ್ನು ದೇಶದ ನಾಲ್ಕು ಕಡೆಯ ನಾಲ್ಕು ತಟ್ಟೆಗಳು ಒಟ್ಟಿಗೇ ಹಿಡಿಯಬೇಕು. ಕೊನೆಯದೊಂದು ವೀಕ್ಷಣೆ ಬಾಕಿಯಿತ್ತು. ಅದು ತಪ್ಪಿದರೆ ಮತ್ತೆ ಅವಕಾಶವಿಲ್ಲ: ನಕ್ಷತ್ರ ಮಂಕಾಗುತ್ತದೆ, ಹಿದಾಕಾ-ಸಾನ್ ನಿವೃತ್ತರಾಗುತ್ತಾರೆ. ಹೆಂಡತಿ ಮಿತ್ಸುಯೊ ಮದುವೆಯಾದಾಗಿನಿಂದ "ಅದೆಷ್ಟು ದೂರ ಇದೇರೀ?" ಎಂದು ಕೇಳುತ್ತಲೇ ಇದ್ದರು. "ಇನ್ನೂ ಅಳೀತಿದೀವಿ ಕಣೇ" ಎಂಬುದೇ ಇವರ ಉತ್ತರ. ಅದೇ ಉತ್ತರ ಹೊತ್ತು ಮನೆಗೆ ಹೋಗಿ ಕೂರಲು ಅವರಿಗೆ ನಿಜಕ್ಕೂ ಭಯವಿತ್ತು.

ಅಷ್ಟರಲ್ಲಿ ಆ ಅಲೆಯನ್ನು ತಡೆಯುವ ಮಳೆ ಹಿಡಿಯಿತು. ಮಳೆ ನಿಲ್ಲಲೆಂದು ನಮ್ಮ ಮಕ್ಕಳು ಬಿಳಿ ಬಟ್ಟೆಯ ಬೋಳುಗೊಂಬೆ ಮಾಡಿ ಸೂರಿಗೆ ನೇತುಹಾಕುತ್ತಾರೆ. ಬಿಸಿಲು ಬಂದರೆ ಗೊಂಬೆಗೆ ಮದ್ಯದ ಸೇವೆ, ಬರದಿದ್ದರೆ ತಲೆಗೆ ಕತ್ತರಿ.

ವೀಕ್ಷಣೆಯ ದಿನ ಬೆಳಿಗ್ಗೆ ಕಣ್ಣು ಕೋರೈಸುವ ಬಿಸಿಲು; ರೇಡಿಯೊ ಅಲೆ ಹಗಲಲ್ಲೂ ಸಿಗುತ್ತದೆ. ಮೂರು ತಟ್ಟೆಗಳು ಸರಿಯಿದ್ದವು, ನಮ್ಮದರಲ್ಲಿ ಮಾತ್ರ ನಕ್ಷತ್ರದ ಅಲೆಯಿಲ್ಲ, ಬರೀ ಗದ್ದಲ. ನಾನು ತಂತಿಗಳನ್ನೆಲ್ಲ ತಡಕಾಡಿ ಬೆವತುಹೋದೆ. ಮುಖ್ಯ ಕಚೇರಿಯವರು ಫೋನಿನಲ್ಲಿ ಕೂಗಾಡಿದರು: "ಅಲ್ಲಿ ಮೋಡ ಇದೆಯೇನ್ರೀ?"

"ಒಂದು ಚೂರೂ ಇಲ್ಲ! ನಮ್ಮ ಗೊಂಬೆ ಅಂದ್ರೆ ಏನನ್ಕೊಂಡ್ರಿ!" ಎಂದು ಹಿದಾಕಾ-ಸಾನ್ ಬೀಗಿದರು.

"ಯಾವ ಗೊಂಬೆ?" ಎಂದೆ.

ಪಕ್ಕದ ಜ್ವಾಲಾಮುಖಿಯ ಬೂದಿ ಗುಡಿಸಲು ತಟ್ಟೆ ಹತ್ತಿದ್ದಾಗ, ಅಲೆ ಒಳಗೆ ಹೋಗುವ ಕಿಟಕಿಯ ಮುಂದೆಯೇ ತಾವೇ ಒಂದು ಮಳೆಗೊಂಬೆ ಕಟ್ಟಿಬಂದಿದ್ದರಂತೆ. "ಆಕಾಶಕ್ಕೆ ಹತ್ರ ಇದ್ರೆ ಕೆಲಸ ಚುರುಕಪ್ಪ. ಆ ಅಲೆಗೆ ಬಟ್ಟೆ ಅಂದ್ರೆ ಗಾಜಿದ್ದ ಹಾಗೆ, ಲೆಕ್ಕ ಹಾಕೇ ಕಟ್ಟಿದೀನಿ."

"ಒಣಗಿದ್ರೆ ತಾನೇ, ಹಿದಾಕಾ-ಸಾನ್! ವಾರದಿಂದ ನೆಂದಿದೆ!"

ಅವರ ಮುಖ ಗೊಂಬೆಯಷ್ಟೇ ಬೆಳ್ಳಗಾಯಿತು. ಆ ಅಲೆಯನ್ನು ನುಂಗುವುದರಲ್ಲಿ ನೀರಿನಂಥ ಹೊಟ್ಟೆಬಾಕ ಇನ್ನೊಂದಿಲ್ಲ. ತಟ್ಟೆ ನಿಲ್ಲಿಸಿ ಹತ್ತಿ ನೋಡಿದರೆ ಬಿಳಿ ಚಾದರದಲ್ಲಿ ಮಾಡಿದ ಆಳೆತ್ತರದ ಗೊಂಬೆ ನೀರು ಸೋರಿಸುತ್ತ ಹಲ್ಲು ಕಿರಿಯುತ್ತಿತ್ತು. ನಾನು ಕತ್ತರಿ ತೆಗೆದೆ. ಅವರು ಅದನ್ನು ಮಗುವಿನಂತೆ ಅವುಚಿಕೊಂಡರು. "ಬಿಸಿಲು ತಂದಿದ್ದು ಇದೇ ಅಲ್ವಾ? ಪಾಪ, ಇದರ ತಪ್ಪೇನು?" ಕೆಳಗಿಳಿದು ಅದರ ತಲೆಗೆ ಗೆಣಸಿನ ಮದ್ಯವನ್ನೂ ಸುರಿದರು. ಅರ್ಧ ದಿನ ಹೋಗಿತ್ತು, ಉಳಿದರ್ಧದಲ್ಲಿ ಸಿಕ್ಕಷ್ಟು ಹಿಡಿದೆವು.

ನಿವೃತ್ತಿಯ ಊಟಕ್ಕೆ ಸರಿಯಾಗಿ ಉತ್ತರ ಬಂತು. ಹಿದಾಕಾ-ಸಾನ್ ಎದ್ದು ನಿಂತು ಹೆಂಡತಿಗೆ ಬಾಗಿ ವಂದಿಸಿದರು.

"ಸಾವಿರ ಜ್ಯೋತಿರ್ವರ್ಷ ಕಣೇ. ನೂರು ಹೆಚ್ಚು ಇರಬಹುದು, ಕಮ್ಮಿ ಇರಬಹುದು."

"ಇಷ್ಟು ವರ್ಷ ಅಳೆದೂ ನೂರು ಹೆಚ್ಚು ಕಮ್ಮಿನಾ? ಯಾಕ್ರೀ?"

ಹಿದಾಕಾ-ಸಾನ್ ನೆಲ ನೋಡಿದರು. "ಅದು ನಿನ್ನ ಚಾದರ."

ಮಿತ್ಸುಯೊ ಸ್ವಲ್ಪ ಯೋಚಿಸಿದರು. "ಡಬಲ್ ಮಂಚದ್ದಲ್ವಾ? ಅಷ್ಟು ಆಗತ್ತೆ ಬಿಡಿ."