ಬೀಳುವ ಪಾಠ ಕಲಿಸಿದ ಮರೆಮ್ಮ

ವಾಡಿ ಜಂಕ್ಷನ್ನಿನಿಂದ ಊರೊಳಗೆ ಬರುವ ದಾರಿಯಲ್ಲಿ ಅಬ್ದುಲ್ ಕರೀಮರ ಮೋಟಾರು ರಿಪೇರಿ ಅಂಗಡಿಯಿದೆ. ಹೋದ ಚಳಿಗಾಲದ ಒಂದು ಬೆಳಿಗ್ಗೆ, ಕೆಟ್ಟ ಮಿಕ್ಸರನ್ನು ಕೈಚೀಲದಲ್ಲಿಟ್ಟುಕೊಂಡು ಅಲ್ಲಿಗೆ ಹೋದ ನಿವೃತ್ತ ಮಾಸ್ತರರೊಬ್ಬರಿಗೆ ಮರೆಮ್ಮ ಮೊದಲ ಸಲ ಕಂಡದ್ದು ಬೆನ್ನಿನ ಕಡೆಯಿಂದ. ಕಚ್ಚೆ ಹಾಕಿದ ಸೀರೆ, ಅದರ ಮೇಲೊಂದು ಗಂಡಸರ ಅಂಗಿ, ತಲೆಗೆ ಹೆಲ್ಮೆಟ್ಟು, ಮೊಳಕಾಲಿಗೆ ಕರಿಯ ಚಿಪ್ಪು. ಆಕೆ ಅಂಗಡಿಯ ಪಕ್ಕದ ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು ನಿಂತಿದ್ದಳು. ನಿಂತಿದ್ದಳು ಎನ್ನುವುದೂ ಪೂರ್ತಿ ಸರಿಯಲ್ಲ. ಪಾದಗಳು ನೆಲ ಮುಟ್ಟಿರಲಿಲ್ಲ. ಎರಡು ಪಾದಗಳ ನಡುವೆ ಒಂದೇ ಒಂದು ದಪ್ಪ ಗಾಲಿ ಗುಂಯ್ಯೆನ್ನುತ್ತಿತ್ತು.

"ಏನವ್ವಾ, ಸರ್ಕಸ್ಸಿಗೆ ಸೇರಾಕಿ ಏನು?" ಎಂದರು ಮಾಸ್ತರರು.

ಆಕೆ ತಿರುಗಲಿಲ್ಲ. ತಿರುಗಿದ್ದರೆ ಬೀಳುತ್ತಿದ್ದಳು.

"ಇಲ್ರಿ ಸರ," ಎಂದಳು ಗೋಡೆಗೇ. "ಒಬ್ಬಾಂವಗ ಮಂದಿ ಮುಂದ ಒಂದು ಮಾತು ಕೇಳೋದದರಿ. ಅದಕ್ಕ ಕಲೀಲಿಕತ್ತೀನಿ."

ಆ ಮಾತಿಗೆ ಎರಡು ವರ್ಷಗಳ ವಯಸ್ಸಾಗಿತ್ತು.

ಮರೆಮ್ಮ ಶಹಾಬಾದಿನವಳು. ಹದಿನೆಂಟು ವರ್ಷ ತಲೆಯ ಮೇಲೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತವಳು. ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ, ಅದರ ಮೇಲೆ ಚಪ್ಪಡಿ ಇಟ್ಟುಕೊಂಡು, ಪಾಲಿಶ್ ಮಷೀನಿನಿಂದ ಲಾರಿಯವರೆಗೆ ನೆಟ್ಟಗೆ ನಡೆಯುವುದು ಆಕೆಯ ಕೆಲಸ. ಮಲ್ಲು ಸಾಹುಕಾರನ ಫರ್ಸಿ ಕಾರ್ಖಾನೆಯಲ್ಲಿ ಆಕೆಯಷ್ಟು ನೆಟ್ಟಗೆ ನಡೆಯುವವರು ಇನ್ನೊಬ್ಬರಿರಲಿಲ್ಲ. ಒಂದು ದಿನ ಮಲ್ಲು ಫೋನಿನಲ್ಲಿ ಮಾತಾಡುತ್ತ ಕಾರನ್ನು ಹಿಂದಕ್ಕೆ ಬಿಟ್ಟ. ತಪ್ಪಿಸಿಕೊಳ್ಳಲು ಮರೆಮ್ಮ ಪಕ್ಕಕ್ಕೆ ಕಾಲಿಟ್ಟದ್ದು ಮಷೀನಿನ ಬುಡದಲ್ಲಿ ಹರಿದು ನಿಂತಿದ್ದ ಬಿಳಿಯ ಕಲ್ಲುಕೆಸರಿನ ಮೇಲೆ. ಜಾರಿದಳು. ಚಪ್ಪಡಿ ಮೂರು ತುಂಡಾಯಿತು. ಅದನ್ನು ಕೊಳ್ಳಲು ಬಂದಿದ್ದ ಗಿರಾಕಿ ಅಲ್ಲೇ ನಿಂತಿದ್ದ. ಮಲ್ಲು ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ.

"ಏನ್ ಮಾಡೋದ್ರಿ ಸೇಠ, ಬೆಳಗ್ಗೆನ ಶಿಂದಿ ಕುಡದು ಬರ್ತಾರ ಇವ್ರು. ನಡೀ ಮನಿಗೆ! ನಾಳಿ ಬರಬ್ಯಾಡ."

ಸುತ್ತ ಇಪ್ಪತ್ತು ಜನರಿದ್ದರು. ಯಾರೂ ಬಾಯಿ ಬಿಡಲಿಲ್ಲ. ಮರೆಮ್ಮ ಜನ್ಮದಲ್ಲಿ ಶಿಂದಿ ಮುಟ್ಟಿದವಳಲ್ಲ. ಕುಡಿದೇ ಸತ್ತ ಗಂಡನ ವಾಸನೆ ಸಹಿಸಿದವಳು. ಆದರೂ ವಾರದೊಳಗೆ ಓಣಿಯವರ ಬಾಯಲ್ಲಿ ಆಕೆ 'ಶಿಂದಿ ಮರೆಮ್ಮ' ಆದಳು. ಬೇರೆ ಕಾರ್ಖಾನೆಗಳ ಬಾಗಿಲೂ ಮುಚ್ಚಿದವು. ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅದೇ ಕಾರ್ಖಾನೆಯಲ್ಲಿ ನೀರಿನ ಪೈಪು ಹಿಡಿಯುವ ಒಡಹುಟ್ಟಿದ ತಂಗಿ ಭಾಗ್ಯ ಅಕ್ಕ ಬಿದ್ದ ದಿನ ಸಂಜೆಯೇ ಮನೆಗೆ ಬಂದು, ನೋವು ಕೇಳುವ ನೆವದಲ್ಲಿ ಹತ್ತಿರ ಸರಿದು, ಅಕ್ಕನ ಬಾಯಿ ಮೂಸಿದಳು. ಮರೆಮ್ಮನ ಒಳಗೆ ಏನೋ ಕಲ್ಲಾದದ್ದು ಆಗ.

ಕುಡಿದಿರಲಿಲ್ಲ ಎಂಬ ಮಾತು ಮಲ್ಲುವಿನ ಬಾಯಿಂದಲೇ, ಅದೇ ಅಂಗಳದಲ್ಲಿ, ಅದೇ ಜನರ ಮುಂದೆ ಬರಬೇಕು. ಅಲ್ಲಿಂದಾಚೆ ಆಕೆಗೆ ಬೇಕಾದದ್ದು ಇದೊಂದೇ.

ಕರೀಮ ಚಾಚಾ ಆಕೆಗೆ ಕೆಲಸ ಕೊಟ್ಟರು. ದಿನಾ ರೈಲಿನಲ್ಲಿ ವಾಡಿಗೆ ಬಂದು, ಸುಟ್ಟ ಮೋಟಾರುಗಳ ತಂತಿ ಬಿಚ್ಚುವುದು, ಹೊಸ ತಂತಿ ಸುತ್ತುವುದು. ಹೀಗಿರುವಾಗ ಹೋದ ದಸರೆ ಕಳೆದ ಮೇಲೆ ಒಂದು ದಿನ ಅಂಗಡಿಯ ಮುಂದೆ ಕಾರು ನಿಂತಿತು. ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡ ಮಲ್ಲು ಇಳಿದ. ಡಿಕ್ಕಿಯಲ್ಲಿ ಒಂಟಿ ಗಾಲಿಯ ವಾಹನ. ಅದಕ್ಕೆ ಸೀಟಿಲ್ಲ, ಹ್ಯಾಂಡಲಿಲ್ಲ. ಗಾಲಿಯ ಎರಡೂ ಬದಿಗೆ ಪಾದ ಇಡಲು ಒಂದೊಂದು ಪೆಡಲು. ಮೊಬೈಲಿನ ಹಾಗೆ ಚಾರ್ಜು ಮಾಡಬೇಕು. ಮುಂದೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ಭಾರ ಹಾಕಿದರೆ ನಿಲ್ಲುತ್ತದೆ. ಹೈದರಾಬಾದಿನಿಂದ ತರಿಸಿ, ಕಾರ್ಖಾನೆಯ ಆಳುಗಳನ್ನೆಲ್ಲ ನಿಲ್ಲಿಸಿಕೊಂಡು ಹತ್ತಿದ್ದನಂತೆ. ಹತ್ತು ಮಾರು ಹೋಗುವುದರೊಳಗೆ ಮಣಿಕಟ್ಟು ಮುರಿದಿತ್ತು. ಮಣಿಕಟ್ಟಿಗೆ, ಮೊಳಕಾಲಿಗೆ ಕಟ್ಟುವ ಕವಚಗಳು ಗಾಲಿಯ ಜೊತೆಗೇ ಬಂದಿದ್ದವು. ಅವು ಪ್ಲಾಸ್ಟಿಕ್ ಚೀಲ ಒಡೆಯದೆ ಹಾಗೇ ಇದ್ದವು.

"ಮ್ಯಾಲಿನ ಡಬ್ಬಿ ಒಡದದ. ಹೊಸದು ತರಿಸಿ ಹಾಕು ಕರೀಮ. ಓಡಿಸಿ ನೋಡಿ, ಪೂರಾ ಸರಿ ಆದ ಮ್ಯಾಲನ ಕೊಡು," ಎಂದ ಮಲ್ಲುವಿನ ಕಣ್ಣು ಮೂಲೆಯಲ್ಲಿ ತಂತಿ ಸುತ್ತುತ್ತಿದ್ದವಳ ಮೇಲೆ ಬಿತ್ತು. "ಈಕಿನ್ನ ಇಟ್ಟೀಯೇನು? ಮಾಲು ಜ್ವಾಕಿ ನೋಡಪಾ. ತೂರಾಡಿ ಮ್ಯಾಲ ಬಿದ್ದಾಳು."

ಮರೆಮ್ಮ ತಲೆ ಎತ್ತಲಿಲ್ಲ. ಕೈಯ ತಂತಿ ಮಾತ್ರ ತುಂಡಾಯಿತು.

ಹದಿನೈದು ದಿನದಲ್ಲಿ ಗಾಲಿ ಸಿದ್ಧವಾಯಿತು. ಓಡಿಸಿ ನೋಡಬೇಕು, ಆದರೆ ಚಾಚಾನ ಮೊಳಕಾಲು ಹೋಗಿ ವರ್ಷವಾಗಿತ್ತು. "ನಾ ಹತ್ತಲೇನು?" ಎಂದಳು ಮರೆಮ್ಮ. ಗೋಡೆ ಹಿಡಿದು ಹತ್ತಿದಳು. ಗಾಲಿ ಮುಂದಕ್ಕೆ ಹೋದರೆ ಈಕೆ ಹಿಂದಕ್ಕೆ, ಈಕೆ ಎಡಕ್ಕೆ ವಾಲಿದರೆ ಅದು ಬಲಕ್ಕೆ.

"ಅರೆ, ಶಿಂದಿ ಕುಡದೋರಂಗ ಕಾಣ್ತೀಯಲ್ಲ!" ಎಂದು ನಕ್ಕ ಚಾಚಾ ಕೂಡಲೇ ನಾಲಿಗೆ ಕಚ್ಚಿಕೊಂಡರು. "ತಪ್ಪಾತು ಬೇಟಿ."

ಮರೆಮ್ಮ ಗೋಡೆ ಹಿಡಿದು ಗಾಲಿಯಿಂದ ಇಳಿದಳು.

"ಚಾಚಾ, ಯಾರು ಹತ್ತಿದ್ರೂ ಮೊದಲಿಗೆ ಹಿಂಗ ಕಾಣ್ತಾರೇನು?"

"ಯಾರು ಹತ್ತಿದ್ರೂ. ಕಲೆಕ್ಟರ್ ಸಾಹೇಬ್ರು ಹತ್ತಿದ್ರೂ."

"ಸಾವ್ಕಾರ ಹತ್ತಿದ್ರೂ?"

ಚಾಚಾ ಆಕೆಯ ಮುಖ ನೋಡಿದರು. ಮತ್ತೆ ಏನೂ ಕೇಳದೆ ಒಳಗಿನಿಂದ ಮಣಿಕಟ್ಟಿನ ಕವಚಗಳನ್ನು ತಂದು, ಚೀಲ ಹರಿದು, ತಾವೇ ಕಟ್ಟಿದರು. "ಹಂಗಾದ್ರ ಪಕ್ಕಾ ಕಲಿ. ಕಲಸೋವ್ರಿಗೆ ಬೀಳೋದೂ ಬರಬೇಕು."

ದಿನಕ್ಕೆ ಅರ್ಧ ತಾಸು, ಅದಕ್ಕಿಂತ ಹೆಚ್ಚಿಲ್ಲ. ಹತ್ತುವ ಮೊದಲು ಟೈರಿನ ಗಾಳಿ ನೋಡುವುದು, ಚಾರ್ಜು ನೋಡುವುದು. ಗಾಲಿ ತಪ್ಪಿಸಿಕೊಂಡು ಓಡದಂತೆ ಅದನ್ನು ಎತ್ತಲು ಮೇಲಿರುವ ಹಿಡಿಕೆಗೆ ಹಗ್ಗ ಕಟ್ಟಿ ತುದಿಯನ್ನು ಕೈಯಲ್ಲಿ ಇಟ್ಟುಕೊಳ್ಳುವುದು. ಒಂದು ಪಾದ ಪೆಡಲಿನ ಮೇಲೆ, ಒಂದು ನೆಲದ ಮೇಲೆ, ಕುಂಟಾಟದ ಹಾಗೆ ಒಂದು ವಾರ. ಗಾಲಿ ಉಜ್ಜಿ ಮೊಳಕಾಲಿನ ಕೆಳಗೆ ನೀಲಿಗಟ್ಟಿತು. ಅಷ್ಟರಲ್ಲಿ ಚಾಚಾಗೆ ಒಂದು ವಿಚಿತ್ರ ಕಂಡಿತು. ಬೇರೆಯವರು ಬೀಳುವಾಗ ಕೈ ನೆಲಕ್ಕೆ ಚಾಚುತ್ತಾರೆ. ಮರೆಮ್ಮನ ಎರಡೂ ಕೈ ತಲೆಯ ಮೇಲಕ್ಕೆ ಹಾರುತ್ತಿದ್ದವು. ಕಲ್ಲು ಹೊರುವವರು ಜಾರಿದಾಗ ಮೊದಲು ಹಿಡಿಯುವುದು ಕಲ್ಲನ್ನು, ಆಮೇಲೆ ಜೀವವನ್ನು. ಹದಿನೆಂಟು ವರ್ಷದ ಆ ಅಭ್ಯಾಸ, ಇಲ್ಲದ ಚಪ್ಪಡಿಯನ್ನು ಕಾಪಾಡಲು ಹೋಗಿ ಆಕೆಯ ಎದೆ, ಗದ್ದ, ಮೊಳಕೈ ಎಲ್ಲವನ್ನೂ ನೆಲಕ್ಕೆ ಬಡಿಯುತ್ತಿತ್ತು.

"ಅಯ್ಯೋ, ತಲಿ ಮ್ಯಾಲ ಏನದ ನಿಂದು? ಕಲ್ಲಿಲ್ಲ, ಕಲ್ಲಿಲ್ಲ!" ಎಂದು ಚಾಚಾ ಕೂಗುವರು.

ಕೊನೆಗೆ ಅಂಗಡಿಯ ಹಿಂದೆ ಹಳೆಯ ಗಾದಿ ಹಾಸಿ, ಗಾಲಿಯನ್ನು ಬದಿಗಿಟ್ಟು, ಬರೀ ಬೀಳುವುದನ್ನೇ ಕಲಿತಳು. ಮೊಳಕಾಲು ಬಗ್ಗಿಸಬೇಕು, ಕವಚವಿರುವ ಅಂಗೈ ಮುಂದಿಡಬೇಕು, ಜಾರಿಕೊಂಡು ಹೋಗಬೇಕು. ಸಾಧ್ಯವಾದರೆ ಬೀಳದೆ ಇಳಿದು ನಾಲ್ಕು ಹೆಜ್ಜೆ ಓಡಬೇಕು; ಗಾಲಿ ಬಿದ್ದರೆ ಬೀಳಲಿ, ಅದನ್ನು ಹಿಡಿಯಲು ಹೋಗಬಾರದು. ಪ್ರತಿ ಸಲವೂ "ಕಲ್ಲಿಲ್ಲ" ಎಂದು ಬಾಯಿಬಿಟ್ಟು ಹೇಳಿಕೊಂಡಳು. ನೂರು ಸಲ ಹೇಳಿಕೊಂಡ ಮೇಲೆ ಕೈಗಳು ನಂಬಿದವು.

ಆದರೆ ಅದೇ ಹದಿನೆಂಟು ವರ್ಷ ಇನ್ನೊಂದನ್ನು ಪುಕ್ಕಟೆಯಾಗಿ ಕೊಟ್ಟಿತ್ತು. ಹೊಸಬರೆಲ್ಲ ಕಾಲ ಕೆಳಗಿನ ಗಾಲಿಯನ್ನೇ ನೋಡಿ ಬೀಳುತ್ತಾರೆ. ಕಲ್ಲು ಹೊತ್ತವರು ಎಂದೂ ಕಾಲು ನೋಡುವುದಿಲ್ಲ. ತಲೆಯ ಮೇಲೆ ಸಿಂಬಿ ಇದೆ ಎಂದುಕೊಂಡು, ದೂರದ ರೈಲ್ವೆ ನೀರಿನ ಟಾಕಿಯ ಮೇಲೆ ದೃಷ್ಟಿ ನೆಟ್ಟ ದಿನ ಮರೆಮ್ಮ ಗೋಡೆ ಬಿಟ್ಟಳು. ಟಾಕಿ ಹತ್ತಿರ ಬಂದಾಗಲೇ ತಾನು ಹೊರಟಿರುವುದು ಅವಳಿಗೆ ತಿಳಿದದ್ದು.

ಒಂದು ದಿನ ಮಾತ್ರ ಕೆಟ್ಟಿತು. ಬಯಲಿನಲ್ಲಿ ಓಡಿಸುವಾಗ ಮಲ್ಲುವಿನ ನಗು ನೆನಪಾಗಿ, ಗೊತ್ತಿಲ್ಲದೆ ಮುಂದೆ ಬಾಗಿದಳು. ಗಾಲಿ ವೇಗ ಹಿಡಿದು ಪೀಂ ಪೀಂ ಎಂದು ಎಚ್ಚರಿಸಿತು. ಕೇಳಿಸಿಕೊಳ್ಳಲಿಲ್ಲ. ಪೆಡಲಿನ ಮುಂತುದಿ ಮೇಲೆದ್ದು ಹಿಂದಕ್ಕೆ ತಳ್ಳಿತು. ಇಳಿದು ಓಡಿ ಹೇಗೋ ಉಳಿದಳು.

"ಸಿಟ್ಟಿನಾಗ ಮನುಷ್ಯಾ ಮುಂದ ಬಾಗ್ತಾನ," ಎಂದರು ಚಾಚಾ. "ಸಿಟ್ಟು ಬಿಟ್ಟು ಹತ್ತು, ಇಲ್ಲಾಂದ್ರ ಹತ್ತಬ್ಯಾಡ."

ಮರೆಮ್ಮ ಸಿಟ್ಟು ಬಿಡಲಿಲ್ಲ. ಅಂದಿನಿಂದ ಅದನ್ನು ತಲೆಯ ಮೇಲಿನ ಚಪ್ಪಡಿಯ ಹಾಗೆ ಅಲುಗದಂತೆ ಹೊತ್ತಳು.

ಸಂಕ್ರಾಂತಿ ಮುಗಿದ ಮೇಲೆ, ಪ್ಲಾಸ್ಟರು ಬಿಚ್ಚಿಸಿಕೊಂಡ ಮಲ್ಲು ಬಂದ. ಕಾರ್ಖಾನೆಯ ಆಳುಗಳು ಬೆನ್ನ ಹಿಂದೆ ನಗುತ್ತಿದ್ದರು; ಹತ್ತಿ ತೋರಿಸದೆ ಅವನಿಗೂ ಗತಿಯಿರಲಿಲ್ಲ.

"ಇದನ್ನ ಕಲಸವ್ರು ಯಾರರೆ ಅದಾರೇನು ಕರೀಮ?"

ಚಾಚಾ ಹೆಬ್ಬೆರಳಿನಿಂದ ಮೂಲೆ ತೋರಿಸಿದರು. ಮಲ್ಲು ನಗಲು ಬಾಯಿ ತೆರೆದ. ಮರೆಮ್ಮ ಎದ್ದು, ಕವಚ ಕಟ್ಟಿ, ಗಾಲಿ ಹತ್ತಿ, ರಸ್ತೆ ಬದಿಯ ಬೇವಿನ ಮರ ಸುತ್ತಿ ಬಂದು ಅವನ ಮುಂದೆ ಎರಡು ಗೇಣು ಬಿಟ್ಟು ನಿಂತಳು. ಮಲ್ಲುವಿನ ತೆರೆದ ಬಾಯಿ ಹಾಗೇ ಉಳಿಯಿತು.

"ಕಲಸ್ತೀನ್ರಿ ಸಾವ್ಕಾರ್ರ. ಇಲ್ಲಿ ಅಲ್ಲ. ನಿಮ್ಮ ಕಾರ್ಖಾನಿ ಅಂಗಳದಾಗ. ಎಲ್ಲಾರೂ ಇದ್ದಾಗ."

"ಮಂದಿ ಯಾಕ ಬೇಕು?"

"ಹಿಡೀಲಾಕ ಬೇಕ್ರಿ."

ಎರಡು ವರ್ಷಗಳ ಮೇಲೆ ಮರೆಮ್ಮ ಆ ಅಂಗಳಕ್ಕೆ ಕಾಲಿಟ್ಟಳು. ಒಣಗಿದ ಒಂದು ಬದಿಯನ್ನು ಗುಡಿಸಿಸಿ, ಸುಣ್ಣದಿಂದ ಗೆರೆ ಎಳೆದಳು. "ಈ ಗೆರಿ ದಾಟಬ್ಯಾಡ್ರಿ. ಆ ಕಡಿ ಕೆಸರದ." ಗೆರೆಯಾಚೆ ಪಾಲಿಶ್ ಮಷೀನು, ಅದರ ಬುಡದಲ್ಲಿ ಅದೇ ಬಿಳಿಯ ಕೆಸರು. ಆಳುಗಳು ಕೆಲಸ ಬಿಟ್ಟು ನಿಂತರು. ಭಾಗ್ಯ ಪೈಪು ಹಿಡಿದು ನಿಂತಳು.

"ಮೊದಲು ಬೀಳೋದು ಕಲೀರಿ."

"ನಾ ಬೀಳಾಕ ಬಂದೀನೇನು?"

"ಬೀಳಾಕ ಬರಲಾರದವ್ರದು ಕೈ ಮುರೀತದ್ರಿ," ಎಂದಳು ಮರೆಮ್ಮ. ಯಾರೋ ಕಿಸಕ್ಕೆಂದರು.

ಮಲ್ಲು ಗಾದಿಯ ಮೇಲೆ ಬಿದ್ದ. ಎದ್ದ. ಗೋಡೆ ಹಿಡಿದು ಗಾಲಿ ಹತ್ತಿದ, ತೂರಾಡಿದ, ಮತ್ತೆ ಬಿದ್ದ. ಮರೆಮ್ಮ ಬಗ್ಗಿ, ತೀರ ಮರ್ಯಾದೆಯ ದನಿಯಲ್ಲಿ ಕೇಳಿದಳು.

"ಸಾವ್ಕಾರ್ರ, ಕುಡದೀರೇನ್ರಿ?"

ಅಂಗಳದಲ್ಲಿ ಯಾರೂ ನಗಲಿಲ್ಲ. ಎರಡನೆಯ ಸಲ ಬಿದ್ದಾಗಲೂ ಅದೇ ಮಾತು, ಅದೇ ದನಿ. ಮೂರನೆಯ ಸಲ ಕೇಳುವಷ್ಟರಲ್ಲಿ ಮುದುಕ ಹಮಾಲನೊಬ್ಬ ಬಾಯಿಗೆ ರುಮಾಲು ಒತ್ತಿಕೊಂಡಿದ್ದ. ಮಲ್ಲುವಿನ ಕಿವಿ ಕೆಂಪಾದವು. "ಸರಿ ಆ ಕಡಿ!" ಎಂದು ಆಕೆಯನ್ನು ದೂಡಿ, ಗೋಡೆ ಬಿಟ್ಟು, ಸಿಟ್ಟಿನಿಂದ ಮುಂದೆ ಬಾಗಿದ. ಗಾಲಿ ಗೆರೆ ದಾಟಿತು. ಮಷೀನಿನ ಬುಡದ ಕೆಸರಿನಲ್ಲಿ ಸರ್ರನೆ ಜಾರಿ, ಸಾಹುಕಾರ ಕುಂಡಿಯ ಮೇಲೆ ಕುಳಿತ. ಕವಚಗಳಿದ್ದವು, ಮೈಗೆ ಏನೂ ಆಗಲಿಲ್ಲ.

ಮರೆಮ್ಮ ನಡೆದು ಹೋಗಿ ಎದುರಿಗೆ ನಿಂತಳು. "ಕುಡದೀರೇನ್ರಿ?"

"ಏ, ಬಾಯಿ ಮುಚ್ಚು! ಕುಡೀಲಾಕ ಏನಾಗ್ಯದ ನನಗ? ನೆಲ ಜಾರ್ತದ, ಕಾಣಂಗಿಲ್ಲೇನು? ಇಲ್ಲಿ ಯಾರು ಕಾಲಿಟ್ರೂ ಬೀಳ್ತಾರ!"

"ಯಾರು ಕಾಲಿಟ್ರೂ?"

ಮಲ್ಲು ತಾನು ಕುಳಿತ ಜಾಗ ನೋಡಿದ. ಸುತ್ತ ಇಪ್ಪತ್ತು ಮುಖ ನೋಡಿದ. ಯಾವ ಜಾಗವೆಂದು ಅವರಿಗೆಲ್ಲ ಗೊತ್ತಿತ್ತು.

"ಅಂದು ನಾ ಕಾಲಿಟ್ಟಾಗ?" ಎಂದಳು ಮರೆಮ್ಮ.

"... ನೀನೂ ಜಾರಿದ್ದಿ. ಕುಡದಿರ್ಲಿಲ್ಲ ಬಿಡು."

"ಬಿಡು ಅನಬ್ಯಾಡ್ರಿ. ಅಷ್ಟು ತಗದು ಅನ್ರಿ."

"ಕುಡದಿರ್ಲಿಲ್ಲ."

"ಹಿಂದ ನಿಂತವ್ರಿಗೆ ಕೇಳಿಲ್ರಿ."

"ಮರೆಮ್ಮ ಕುಡದಿರ್ಲಿಲ್ಲ!"

ಭಾಗ್ಯ ಪೈಪು ಬಿಟ್ಟು ಓಡಿ ಬಂದಳು, "ಅಕ್ಕಾ" ಎಂದಳು. ಮರೆಮ್ಮ ಹೆಲ್ಮೆಟ್ಟು ತೆಗೆದು, ಮುಖ ಮುಂದೆ ಚಾಚಿ, ಬಾಯಿ ಅಗಲವಾಗಿ ತೆರೆದಳು. "ಬಾ. ಮೂಸು." ಭಾಗ್ಯ ಅಲ್ಲೇ ಕುಸಿದು ಅತ್ತಳು. ಮರೆಮ್ಮ ಎಬ್ಬಿಸಲಿಲ್ಲ. ಕೆಸರಿನಿಂದ ಗಾಲಿ ಎತ್ತಿ, ಒರೆಸಿ, ಗೋಡೆಗೆ ನಿಲ್ಲಿಸಿದಳು.

ಈಗ ಆಕೆಯ ದಿನಚರಿ ಹೀಗಿದೆ: ತಂತಿ ಸುತ್ತುವ ಕೆಲಸ ಬಿಟ್ಟಿಲ್ಲ. ಇಂಥದೇ ಗಾಲಿ ಕೊಂಡವರು ಕಲಿಯಲು ವಾಡಿಯಿಂದ, ಚಿತ್ತಾಪುರದಿಂದ ಒಬ್ಬಿಬ್ಬರು ಬರುತ್ತಾರೆ. ಎಲ್ಲರಿಗೂ ಮೊದಲು ಗಾದಿ, ಆಮೇಲೆ ಗೋಡೆ. ರೈಲ್ವೆ ಕ್ವಾರ್ಟರ್ಸಿನ ಸಂಗಣ್ಣ ಒಂಬತ್ತು ದಿನದಲ್ಲಿ ಗೋಡೆ ಬಿಟ್ಟ. ಭಾಗ್ಯ ಆಗಾಗ ರೊಟ್ಟಿ ಕಟ್ಟಿ ಕಳಿಸುತ್ತಾಳೆ. ಮರೆಮ್ಮ ತಿನ್ನುತ್ತಾಳೆ, ಮಾತು ಇನ್ನೂ ಆಡಿಲ್ಲ.

ಪ್ರತಿ ಗುರುವಾರ ಬೆಳಿಗ್ಗೆ ಶಹಾಬಾದಿನ ಆ ಅಂಗಳಕ್ಕೆ ಹೋಗುತ್ತಾಳೆ. ಮಲ್ಲು ಸಾಹುಕಾರ ಹೆಲ್ಮೆಟ್ಟು ಹಾಕಿಕೊಂಡು, ಆಳುಗಳ ಮುಂದೆ, ಗೋಡೆಗೆ ಅಂಗೈ ಒತ್ತಿ ಗಾಲಿಯ ಮೇಲೆ ನಿಲ್ಲುತ್ತಾನೆ. ಇದು ನಾಲ್ಕನೆಯ ತಿಂಗಳು. ಅವನ ಬೆನ್ನು ನೆಟ್ಟಗಾಗಿದೆ, ಮೊಳಕಾಲು ಹದವಾಗಿ ಬಾಗುತ್ತವೆ. ಗೋಡೆ ಬಿಟ್ಟರೆ ಈಗ ಬೀಳುವುದಿಲ್ಲ. ಎರಡು ತಿಂಗಳಿಂದ ಮರೆಮ್ಮನಿಗೆ ಇದು ಗೊತ್ತಿದೆ. ಅವನಿಗೆ ಹೇಳಿಲ್ಲ.

"ಬಿಡ್ಲೇನು ಮರೆಮ್ಮ?" ಎಂದು ಅವನು ಪ್ರತಿ ಗುರುವಾರವೂ ಕೇಳುತ್ತಾನೆ.

ಆಕೆ ಕಣ್ಣು ಕಿರಿದು ಮಾಡಿ, ಅವನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು ನೋಡುತ್ತಾಳೆ.

"ಇನ್ನಾ ತೂರಾಡ್ಲಿಕತ್ತೀರಿ ಸಾವ್ಕಾರ್ರ. ಗೋಡಿ ಹಿಡೀರಿ."