ಹದಿನಾರು ಬಾಗಿಲುಗಳ ಸುಮಿತ್ರಾಬಾಯಿ

ಆಳಂದದ ಬಸ್ ನಿಲ್ದಾಣದಿಂದ ಮೊದಲ ಬಸ್ ಇನ್ನೂ ಹೊರಟಿಲ್ಲ. ತಗಡಿನ ಶೆಡ್ಡಿನ ಮುಂದೆ ಗೋಣಿತಟ್ಟು ಹಾಸಿಕೊಂಡು ಕೂತ ಸುಮಿತ್ರಾಬಾಯಿ, ಬಳೆಗಳನ್ನು ಮೊಣಕೈಯತ್ತ ಸರಿಸಿ, ಕೋಲೊಂದನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುವುತ್ತಿದ್ದಾರೆ. ಕೋಲಿನ ತುದಿ ಕಚ್ಚಿಕೊಂಡಿರುವುದು ಕಾರಿನ ಇಂಜಿನ್ನಿನ ವಾಲ್ವ್. ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವ, ಹೊಗೆಯನ್ನು ಹೊರಗಟ್ಟುವ ಪುಟ್ಟ ಬಾಗಿಲು ಅದು. ಮುಚ್ಚಿದಾಗ ಕೂದಲೆಳೆಯಷ್ಟೂ ಸಂದಿ ಉಳಿಯಬಾರದು, ಉಳಿದರೆ ಇಂಜಿನ್ನಿಗೆ ದಮ್ಮಿರುವುದಿಲ್ಲ. ಹಾಗೆ ಕೂರುವಂತೆ ಅದರ ಅಂಚನ್ನು ಉಜ್ಜಿ ಹೊಂದಿಸುವುದು ಇವರ ಕೆಲಸ. ಸರ್ ಸರ್ ಸದ್ದಿಗೆ ಅವರ ಕಣ್ಣುಗಳು ಅರೆ ಮುಚ್ಚಿವೆ. ಕೈಗೆ ಮಾತ್ರ ನಿದ್ದೆಯಿಲ್ಲ.

ಶೆಡ್ಡಿನ ಬೋರ್ಡಿನಲ್ಲಿ ಗಂಡ ಗುರುಶಾಂತ ಮಿಸ್ತ್ರಿಯ ಹೆಸರಿದೆ, ಇವರದು ಎಲ್ಲೂ ಇಲ್ಲ. ನರೋಣಾದಿಂದ ಮದುವೆಯಾಗಿ ಬಂದ ವರ್ಷವೇ ಕೋಲು ಹಿಡಿದವರು. ಇಲ್ಲಿ ಬಿಚ್ಚಿ ಕಟ್ಟುವುದು ಒಂದೇ ಕಂಪನಿಯ ಗಾಡಿಗಳನ್ನು. ಆ ಕಂಪನಿಯ ಮೊದಲ ಇಂಜಿನ್ ಪರದೇಶದ ನಕ್ಷೆ ತಂದು ಎರಕ ಹೊಯ್ದದ್ದು, ಗುಡುಗುಡು ಎನ್ನುವ ಬೀಡುಕಬ್ಬಿಣದ ದೈತ್ಯ. ಆಮೇಲೆ ಅದಕ್ಕೇ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂಡಿಸಿದರು. ಈಗ ಕಂಪನಿಯದೇ ನಕ್ಷೆ, ಅಲ್ಯೂಮಿನಿಯಂ ಮೈ, ಸಿಲಿಂಡರಿಗೆ ಎರಡರ ಬದಲು ನಾಲ್ಕರಂತೆ ನಾಲ್ಕು ಸಿಲಿಂಡರಿಗೆ ಹದಿನಾರು ವಾಲ್ವ್. ಗುರುಶಾಂತ ಈ ವಂಶಾವಳಿಯನ್ನು ಗ್ರಾಹಕರೆದುರು ಪುರಾಣದಂತೆ ಬಿಚ್ಚುತ್ತಾರೆ. ಹೆಂಡತಿಗೆ ಅದು ಅಂಗೈಯಲ್ಲೇ ಗೊತ್ತು.

"ಮೊದಲಿನ್ವು ಡಬ್ಬಿ ಮುಚ್ಚಳದಷ್ಟು ಇದ್ವುರಿ, ಒತ್ತಿ ತಿರುವಿದ್ರ ನಡೀತಿತ್ತು. ಈಗ ಕೈಯಾಗಿರೋ ಇವು ಹಳೇ ರೂಪಾಯಿಯಷ್ಟು. ಒತ್ತಿದ್ರ ಸಿಟ್ಟಿಗೇಳ್ತಾವ," ಎಂದು ನಗುತ್ತಾರೆ.

ಇವತ್ತು ಮುಂದಿರುವುದು ಹಫೀಜರ ಕಾರಿನ ಇಂಜಿನ್ನಿನ ಹೆಡ್ಡು, ಅಂದರೆ ವಾಲ್ವ್‌ಗಳು ಕೂರುವ ಮೇಲ್ಭಾಗ. ಹಿರೋಳ್ಳಿ ಕಡೆ ಬಾಡಿಗೆ ಓಡುವ ಗಾಡಿ. ವಾಲ್ವ್‌ಗಳ ಲಯ ಕಾಯುವ ಬೆಲ್ಟ್ ಹರಿದು ಅವು ಬಾಗಿವೆ. ಹೊಸ ವಾಲ್ವ್ ಹಾಕಿ ಪ್ರಯೋಜನವಿಲ್ಲ, ಹೆಡ್ಡನ್ನೇ ಬದಲಿಸಿ ಎಂದಿದ್ದಾರೆ ಶಹರದ ವರ್ಕ್‌ಶಾಪಿನವರು. ಇವರು ಅದೇ ಹೆಡ್ಡಿಗೆ ಹೊಸ ವಾಲ್ವ್ ಕೂರಿಸಲು ಹೊರಟಿದ್ದಾರೆ. ಹದಿನಾರು ವಾಲ್ವಿನ ಹೆಡ್ಡು ಈ ಶೆಡ್ಡಿಗೆ ಬಂದದ್ದು ಇದೇ ಮೊದಲು. ಹಳೆಯ ಗಾಡಿಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ಇದು ಸರಿಹೋದರೆ ಮುಂದೆ ಕೆಲಸ ಉಂಟು, ಇಲ್ಲವಾದರೆ ಕೋಲನ್ನು ಮೂಲೆಗಿಡಬೇಕಾದೀತು. ಆ ಅಂಜಿಕೆ ಅವರಿಗಿದೆ.

"ಆಗಲಿಲ್ಲಂದ್ರ ಹೇಳಿಬಿಡ್ರಿ ಅಕ್ಕಾ," ಎನ್ನುತ್ತಾರೆ ಹಫೀಜ.

"ಆಗಂಗಿಲ್ಲಂತ ನನ್ನ ಕೈನೇ ಹೇಳ್ಲಿ ತಡಿಯೋ ತಮ್ಮಾ."

ಬಿಸಿಲು ಬೋರ್ಡಿನವರೆಗೆ ಏರುತ್ತದೆ. ತಿರುವುತ್ತ ತಿರುವುತ್ತ ಅವರ ದನಿ ಎಲ್ಲಿಂದಲೋ ಬಂದಂತಿದೆ. "ಹಿಂಗ ಕುಂತಾಗ ಕನಸು ಬಿದ್ದಂಗ ಆಗ್ತದರಿ. ನಾ ಕೂಡಿಸಿದ ಬಾಗಿಲಾ ಎಲ್ಲೆಲ್ಲೋ ಹೊಂಟಾವ. ಅಫಜಲಪುರ ದಾರ್ಯಾಗ, ಅತ್ತ ಕೊಳಕೂರದಾಗ, ಜೋಳದ ಹೊಲದ ನಡಕ ತೆರದು ಮುಚ್ಚಿ ಉಸಿರಾಡಾಕತ್ತಾವ ಅನಸ್ತದ."

ಕೊನೆಗೆ ಪರೀಕ್ಷೆ. ವಾಲ್ವ್‌ಗಳ ಹಿಂದಿನ ರಂಧ್ರಗಳಿಗೆ ಸೀಮೆಎಣ್ಣೆ ಸುರಿದು, ಸೋರುತ್ತದೆಯೇ ಎಂದು ಕಾಯುತ್ತಾರೆ. ಒಂದರ ಅಂಚಿನಲ್ಲಿ ತೆಳ್ಳಗೆ ತೇವ ಮೂಡಿ ಹನಿಯಾಗುತ್ತದೆ. ಹಫೀಜ ಮುಖ ತಿರುಗಿಸುತ್ತಾರೆ, ಗುರುಶಾಂತ ನಟ್ಟು ಬಿಚ್ಚುವ ಪಾನಾ ಒರೆಸುತ್ತಾರೆ. ಸುಮಿತ್ರಾಬಾಯಿ ಆ ವಾಲ್ವನ್ನು ತೆಗೆದು, ಉಜ್ಜುವ ನುಣ್ಣನೆಯ ಪೇಸ್ಟ್ ಸವರಿ, ಕೂಸಿನ ನೆತ್ತಿ ಮುಟ್ಟಿದಷ್ಟು ಹಗುರವಾಗಿ ಮತ್ತೆ ತಿರುವುತ್ತಾರೆ. ಮತ್ತೆ ಸುರಿಯುತ್ತಾರೆ. ಈ ಸಲ ಒಣಗಿದ ಲೋಹ ಒಣಗಿಯೇ ಇದೆ.

ಸಂಜೆಗೆ ಗುರುಶಾಂತ ಹೆಡ್ಡು ಕೂಡಿಸುತ್ತಾರೆ, ಹಫೀಜ ಕೀಲಿ ತಿರುಗಿಸುತ್ತಾರೆ. ಹೊಸ ಕಾಲದ ಇಂಜಿನ್ನಿಗೆ ಸದ್ದೇ ಕಡಿಮೆ.

"ಚಾಲೂ ಆಗ್ಯಾದೇನೋ ತಮ್ಮಾ?"

"ಆಗ್ಯಾದ್ರೀ ಅಕ್ಕಾ!"

ನಂಬಿಕೆ ಬಾರದೆ ಸುಮಿತ್ರಾಬಾಯಿ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಕಣ್ಣುಗಳು ತುಂಬಿ ಬರುತ್ತವೆ, ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ಕೋಲನ್ನು ಒರೆಸಿ ಗೋಣಿತಟ್ಟಿನ ಮೇಲಿಡುತ್ತಾರೆ.

"ಇದರ ನಕ್ಷಾ ತೆಗೆದವರು ಯಾರಂತ ಗೊತ್ತಿಲ್ರಿ. ಅವರು ಒಮ್ಮೆ ಆಳಂದಕ್ಕ ಬರ್ಲಿ. ಚಾ ಕುಡಿಸಿ ಹೇಳ್ತೇನಿ, ನೀವು ಕಾಗದದ ಮ್ಯಾಲ ಕೂಡಿಸಿದ್ದು ನನ್ನ ಕೈಯಾಗೂ ಕೂತದಂತ."