ದೊಡ್ಡಬಸಪ್ಪನ ಒಂಟಿ ಸೀನು

ಕುರುಗೋಡಿನಲ್ಲಿ ಬೆಲ್ಲದಂಗಡಿ ಇಟ್ಟಿದ್ದ ದೊಡ್ಡಬಸಪ್ಪನಿಗೆ ವ್ಯಾಪಾರಕ್ಕಿಂತ ಶಕುನದ ಹುಚ್ಚು ಹೆಚ್ಚು. ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೆಯದು ಎಂದು ಊರಿಗೆಲ್ಲ ಹೇಳುವವನು ಅವನೇ. ಅಂಥವನ ಮೂಗಿನಲ್ಲೇ ದುರ್ಮಾಂಸ ಬೆಳೆದು ಉಸಿರು ಕಟ್ಟಿತೆಂದರೆ ಏನು ಹೇಳೋಣ! ಬಳ್ಳಾರಿ ಆಸ್ಪತ್ರೆಯ ಡಾಕ್ಟರು ಅದನ್ನು ಕತ್ತರಿಸಿ ತೆಗೆದು, ಹೆಂಡತಿ ಪಕ್ಕೀರಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು:

"ಹದಿನೈದು ದಿನ ಸಿಂಬಳ ಸೀದಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ. ಸೀನು ಬಂದ್ರ ತಡಿಬ್ಯಾಡ್ರಿ, ಬಾಯಿ ತೆರೆದು ಸೀನ್ರಿ. ಸ್ವಲ್ಪ ಕೆಂಪು ನೀರು ಬಂದ್ರ ಅಂಜಿಕಿಲ್ಲ. ಹಸಿ ರಕ್ತ ನಿಲ್ಲದಿದ್ರ, ಜ್ವರ ಬಂದ್ರ, ಆ ಗಳಿಗಿಗೇ ಗಾಡಿ ಹೂಡ್ರಿ."

ಆರು ದಿನ ಸುಖವಾಗಿ ಕಳೆದವು. ಎಷ್ಟೋ ವರ್ಷಗಳ ಮೇಲೆ ಬೆಲ್ಲದ ವಾಸನೆ ಸಣ್ಣಗೆ ಮೂಗಿಗೆ ಬಡಿದಾಗ ದೊಡ್ಡಬಸಪ್ಪ ಹಿಗ್ಗಿಹೋದ.

ಏಳನೆಯ ದಿನ ಬೆಳಿಗ್ಗೆ ಅವನ ತಮ್ಮ ಗಾದೆಪ್ಪ, ಹೊನ್ನೂರಮ್ಮನ ಮದುವೆ ಮಾತು ಗಟ್ಟಿ ಮಾಡಲು ತೆಕ್ಕಲಕೋಟೆಗೆ ಗಾಡಿ ಹೂಡಿದ. ಹೊನ್ನೂರಮ್ಮ ದೊಡ್ಡಬಸಪ್ಪನಿಗಿದ್ದ ಒಬ್ಬಳೇ ಮಗಳು. ಗಾಲಿ ತಿರುಗುವುದಕ್ಕೂ ದೊಡ್ಡಬಸಪ್ಪನಿಗೆ ಸೀನು ಬರುವುದಕ್ಕೂ ಸರಿಹೋಯಿತು. ಮಗಳ ಮದುವೆಗೆ ಒಂಟಿ ಸೀನೇ? ಮೂಗು ಹಿಂಡಿ, ಬಾಯಿ ಬಿಗಿದು ನುಂಗಿಬಿಟ್ಟ. ಗಾಡಿ ಓಣಿ ದಾಟುವಷ್ಟರಲ್ಲಿ ಅಂಗಿಯ ತುಂಬ ರಕ್ತ.

ಪಕ್ಕೀರಮ್ಮ ಮೂಗಿಗೆ ಒತ್ತಿ ಹಿಡಿದ ಒಂದು ಬಟ್ಟೆ ತೊಯ್ದಿತು, ಇನ್ನೊಂದೂ ತೊಯ್ದಿತು.

"ಗಾಡಿ ಕರಿಬ್ಯಾಡಲೇ, ಹೊಂಟವರನ್ನ ಹಿಂದಿಂದ ಕೂಗಬಾರದು" ಎಂದ ದೊಡ್ಡಬಸಪ್ಪ.

"ನಿಮ್ಮ ಶಕುನಕ್ಕ ಬೆಂಕಿ ಹಚ್ಚ! ನೀವ ಇಲ್ಲಂದ್ರ ಮಗಳಿಗೆ ಅಕ್ಕಿಕಾಳು ಹಾಕೋರು ಯಾರ್ರಿ?" ಪಕ್ಕೀರಮ್ಮ ಬೀದಿಗೆ ಓಡಿ, ಬಾವಿಯ ಹತ್ತಿರ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಮೈದುನನನ್ನು ಕೂಗಿ ಕರೆದಳು.

ಗಾಡಿ ಬಳ್ಳಾರಿ ದಾರಿ ಹಿಡಿಯಿತು. ಡಾಕ್ಟರು ರಕ್ತ ಕಟ್ಟಲು ಮೂಗಿನೊಳಗೆ ಔಷಧಿ ಬಟ್ಟೆಯ ಬತ್ತಿ ಇಟ್ಟು, "ತಡ ಮಾಡದ ಬಂದಿದ್ದು ಚಲೋ ಆತು" ಎಂದರು. ರಕ್ತವೇನೋ ನಿಂತಿತು. ಸಂಬಂಧ ಎಲ್ಲಿ ಕೈತಪ್ಪೀತೋ ಎಂಬ ಕೊರಗು ಮಾತ್ರ ದೊಡ್ಡಬಸಪ್ಪನನ್ನು ಬಿಡಲಿಲ್ಲ.

ಹತ್ತು ದಿನ ಬಿಟ್ಟು ಅದೇ ಗಾಡಿ ಮತ್ತೆ ತೆಕ್ಕಲಕೋಟೆಗೆ ಹೊರಟಿತು. ಹಾಳು ಸೀನು ಮತ್ತೆ ಬಂತು. ದೊಡ್ಡಬಸಪ್ಪ ಕೈ ಮೂಗಿಗೆ ಒಯ್ದವನು ಹೆಂಡತಿಯ ಮುಖ ನೋಡಿದ. ಕೈ ಇಳಿಸಿ, ಬಾಯಿ ಅಗಲಿಸಿ ಸೀನಿದ. ಎತ್ತುಗಳು ಬೆಚ್ಚಿದವು. ಗಾದೆಪ್ಪ ಹಗ್ಗ ಜಗ್ಗಿ ನಿಲ್ಲಿಸಿದ.

"ಆಕ್ಷೀ!" ಎಂದಳು ಹೊಸ್ತಿಲಲ್ಲಿ ನಿಂತಿದ್ದ ಹೊನ್ನೂರಮ್ಮ. "ಜೋಡಿ ಆತು ಕಾಕಾ, ಗಾಡಿ ಹೊಡಿರಿ."

ಕುರುಗೋಡಿನ ಸೀನುಗಳನ್ನೆಲ್ಲ ಅಳೆದು ತೂಗಿದ್ದ ದೊಡ್ಡಬಸಪ್ಪನಿಗೆ ಅದು ಸುಳ್ಳು ಸೀನೆಂದು ತಿಳಿಯದೇ? ಮಗಳ ಕಡೆ ನೋಡಿದ, ನಗು ತಡೆಯಲಾಗಲಿಲ್ಲ.

"ಹೌದು, ಜೋಡೀನ ಆತು" ಎಂದ.